ಪೆಟ್ರೋಲ್ ನಿಂತರೆ ಗಾಳಿಯ ದಾರಿ ನೋಡಿ

ದೂರದ ಪಯಣಕ್ಕೆಂದು ಬೈಕಿಗೆ ಎರಡನೇ ಟ್ಯಾಂಕ್ ಕಟ್ಟಿಸಿಕೊಂಡವರ ದೂರುಗಳು ಕೇಳುವುದಕ್ಕೆ ಬೇರೆ ಬೇರೆ. ಒಬ್ಬರಿಗೆ ಹಿಂದಿನ ಟ್ಯಾಂಕಿನ ಪೆಟ್ರೋಲ್ ಮುಂದಕ್ಕೆ ಬರುವುದೇ ಇಲ್ಲ. ಇನ್ನೊಬ್ಬರಿಗೆ ಬೇಡವೆಂದರೂ ಬರುತ್ತದೆ, ಬಂದು ಉಕ್ಕಿ ಬಿಸಿ ಇಂಜಿನ್ ಪಕ್ಕದಲ್ಲೇ ಸುರಿಯುತ್ತದೆ. ಮತ್ತೊಬ್ಬರ ಬೈಕ್ ನೂರು ಕಿಲೊಮೀಟರ್ ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಹೋಗುತ್ತದೆ. ಗ್ಯಾರೇಜಿಗೆ ಹೋದರೆ ಪಂಪ್, ಫಿಲ್ಟರ್, ಇಂಜೆಕ್ಟರ್ ಎಂದು ಒಂದೊಂದೇ ಬದಲಾಗುತ್ತವೆ, ಬಿಲ್ ಏರುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಈ ದೂರುಗಳಲ್ಲಿ ಬಹುಪಾಲಿನ ಬೇರು ಒಂದೇ. ಟ್ಯಾಂಕಿನಿಂದ ಪೆಟ್ರೋಲ್ ಹೊರಟ ಜಾಗಕ್ಕೆ ಗಾಳಿ ಬರಬೇಕು. ಪೆಟ್ರೋಲ್ ಬಂದು ಸೇರುವ ಟ್ಯಾಂಕಿನಲ್ಲಿದ್ದ ಗಾಳಿ ಎಲ್ಲಿಗಾದರೂ ಹೋಗಬೇಕು. ಪೆಟ್ರೋಲ್ ಪೈಪ್ ಎಲ್ಲಿಂದ ಎಲ್ಲಿಗೆ ಎಂದು ಕಟ್ಟುವವರೆಲ್ಲ ಯೋಚಿಸುತ್ತಾರೆ. ಗಾಳಿ ಎಲ್ಲಿಂದ ಎಲ್ಲಿಗೆ ಎಂದು ಯೋಚಿಸುವವರು ಕಡಿಮೆ.

ಈ ಕಸುಬು ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ, ಐರನ್ ಬಟ್ ಅಸೋಸಿಯೇಷನ್ ಎಂಬ ಸಂಘದ ಸುತ್ತ ಸೇರಿದ ದೂರಪಯಣಿಗರ ನಡುವೆ. 24 ಗಂಟೆಯೊಳಗೆ 1,000 ಮೈಲಿ, ಅಂದರೆ 1,609 ಕಿ.ಮೀ. ಓಡಿಸಿ, ಬಂಕಿನ ರಸೀದಿಗಳನ್ನು ಸಾಕ್ಷಿಯಾಗಿ ಒಪ್ಪಿಸಿದವರಿಗೆ ಈ ಸಂಘ ‘ಸ್ಯಾಡಲ್‌ಸೋರ್’ ಪ್ರಮಾಣಪತ್ರ ಕೊಡುತ್ತದೆ. ಬೆಂಗಳೂರಿನ ಸವಾರರೂ ಅದನ್ನು ಪಡೆದಿದ್ದಾರೆ. 1984ರಲ್ಲಿ ಆರಂಭವಾದ ಐರನ್ ಬಟ್ ರ‍್ಯಾಲಿ ಇದಕ್ಕಿಂತ ಬಹಳ ದೊಡ್ಡದು: 11 ದಿನ, ಸುಮಾರು 11,000 ಮೈಲಿ. ಅಲ್ಲಿ ಒಂದು ಬೈಕ್ ಹೊರಬಹುದಾದ ಒಟ್ಟು ಪೆಟ್ರೋಲಿಗೆ ಮಿತಿ ಇದೆ, 11.5 ಅಮೆರಿಕನ್ ಗ್ಯಾಲನ್. ನಮ್ಮ ಲೆಕ್ಕದಲ್ಲಿ ಸುಮಾರು 43.5 ಲೀಟರ್. ಹೊರಡುವ ಮೊದಲು ಬೈಕುಗಳ ತಪಾಸಣೆಯೂ ಆಗುತ್ತದೆ.

ಆ ವಲಯದಲ್ಲಿ ಮತ್ತೆ ಮತ್ತೆ ಕಾಣುವ ಬೈಕುಗಳಲ್ಲಿ ಹೊಂಡಾ ಗೋಲ್ಡ್ ವಿಂಗ್ ಒಂದು. 2001ರಲ್ಲಿ ಬಂದ ಜಿಎಲ್1800 ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಎರಡನೇ ಟ್ಯಾಂಕಿನ ಎಲ್ಲ ತೊಡಕುಗಳೂ ಅದರಲ್ಲಿ ಎದುರಾಗುತ್ತವೆ. 1,832 ಸಿಸಿಯ ಆರು ಸಿಲಿಂಡರ್ ಇಂಜಿನ್, ತೂಕ 400 ಕೆ.ಜಿ. ಆಸುಪಾಸು. ಸವಾರನ ಮುಂದೆ ಟ್ಯಾಂಕಿನಂತೆ ಕಾಣುವುದು ಹೊದಿಕೆ ಮಾತ್ರ. ಪೆಟ್ರೋಲ್ ಹಾಕುವ ಬಾಯಿ ಅಲ್ಲಿದ್ದರೂ 25 ಲೀಟರಿನ ನಿಜವಾದ ಟ್ಯಾಂಕ್ ಇರುವುದು ಸೀಟಿನ ಕೆಳಗೆ. ಇಂಜೆಕ್ಷನ್ ಪಂಪ್ ಆ ಟ್ಯಾಂಕಿನೊಳಗೇ ಕುಳಿತಿದೆ. ಹಿಂದಿನ ಸೀಟಿನ ಜಾಗದಲ್ಲಿ 18 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಕೂರಿಸಿದರೆ ಅದು ಮೇನ್ ಟ್ಯಾಂಕಿಗಿಂತ ಎತ್ತರದಲ್ಲಿರುತ್ತದೆ, ಪೆಟ್ರೋಲ್ ತನ್ನ ಭಾರಕ್ಕೇ ಇಳಿದು ಬರಬಲ್ಲದು. ಲೀಟರಿಗೆ 16 ಕಿ.ಮೀ. ಹಿಡಿದರೂ 400 ಕಿ.ಮೀ. ಓಡುವ ಬೈಕ್ 700ರ ಹತ್ತಿರ ಹೋಗುತ್ತದೆ. ರಾತ್ರಿ ಬಂಕ್ ಮುಚ್ಚಿರುವ ನೆವಾಡದಂಥ ಮರುಭೂಮಿ ರಸ್ತೆಯಲ್ಲಿ ಆ 300 ಕಿ.ಮೀ.ನ ಬೆಲೆ ಓಡಿಸಿದವರಿಗೆ ಗೊತ್ತು.

ತೊಂದರೆ ಹುಡುಕುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಈ ಬೈಕ್ ಕುಡಿಯುವುದು ಗಂಟೆಗೆ ಸುಮಾರು 7 ಲೀಟರ್. ನಿಮಿಷಕ್ಕೆ ಹಂಚಿದರೆ 115 ಮಿಲಿಲೀಟರ್, ಒಂದು ಲೋಟದಷ್ಟೂ ಇಲ್ಲ. 6 ಮಿ.ಮೀ. ಒಳವ್ಯಾಸದ ಒಂದೂವರೆ ಮೀಟರ್ ಪೈಪಿನಲ್ಲಿ, 30 ಸೆಂ.ಮೀ. ಎತ್ತರದಿಂದ, ಅಡ್ಡಿಯಿಲ್ಲದೆ ಇಳಿಯುವ ಪೆಟ್ರೋಲ್ ನಿಮಿಷಕ್ಕೆ ಒಂದು ಲೀಟರ್ ಮೀರುತ್ತದೆ. ಅಂದರೆ ಬೇಕಾದ್ದಕ್ಕಿಂತ ಹತ್ತು ಪಟ್ಟು. ಹಾಗಿರುವಾಗ ‘ಪೆಟ್ರೋಲ್ ಸಾಲುತ್ತಿಲ್ಲ, ದಪ್ಪ ಪೈಪ್ ಹಾಕಿಸೋಣ’ ಎಂಬ ಮಾತಿಗೆ ಅರ್ಥವಿಲ್ಲ. ಪೈಪ್ ಸಣ್ಣದಾದ್ದರಿಂದ ನಿಂತ ಟ್ಯಾಂಕ್ ಅಪರೂಪ.

ಹಾಗಾದರೆ ನಿಲ್ಲಿಸುವುದು ಯಾವುದು? ಮೂವತ್ತು ಸೆಂಟಿಮೀಟರ್ ಪೆಟ್ರೋಲಿನ ಭಾರ ಬಹಳ ದುರ್ಬಲವಾದ ಬಲ, ವಾತಾವರಣದ ಒತ್ತಡದ ಶೇ 2ರಷ್ಟು ಮಾತ್ರ. ಎಕ್ಸ್‌ಟ್ರಾ ಟ್ಯಾಂಕಿನ ಗಾಳಿ ಪೈಪ್ ಮುಚ್ಚಿಹೋಗಿದೆ, ಒಳಗೆ ಪೆಟ್ರೋಲಿನ ಮೇಲೆ ಒಂದು ಲೀಟರ್ ಗಾಳಿ ಇದೆ ಎಂದುಕೊಳ್ಳಿ. 50 ಮಿ.ಲೀ. ಕೂಡ ಇಳಿಯುವ ಮೊದಲೇ ಒಳಗಿನ ಒತ್ತಡ ಆ ಶೇ 2ರಷ್ಟು ಕುಸಿದಿರುತ್ತದೆ, ಹರಿವು ನಿಂತಿರುತ್ತದೆ. ತುಂಬಿದ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದಾಗ ಆಗುವುದೂ ಇದೇ. ಎರಡನೇ ತೂತು ಗಾಳಿಗಾಗಿ ಎಂದು ಅಂಗಡಿಯ ಹುಡುಗನಿಗೂ ಗೊತ್ತಿರುತ್ತದೆ. ಇಲ್ಲಿನ ಕಷ್ಟವೆಂದರೆ, ಕಾಕ್ ತೆರೆದ ಕೂಡಲೇ ಒಂದಿಷ್ಟು ಪೆಟ್ರೋಲ್ ಹರಿದು ತೋರಿಸುತ್ತದೆ. ನೋಡಿದವರು ‘ಲೈನ್ ಸರಿ ಇದೆ’ ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಮೊದಲ ಅರ್ಧ ನಿಮಿಷದ ಹರಿವು ಏನನ್ನೂ ಸಾಬೀತು ಮಾಡುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳನ್ನು ಓಡಿಸಿದ ತಲೆಮಾರಿಗೆ ಇದು ಹೊಸ ವಿಷಯವಲ್ಲ. ಮುಚ್ಚಳದ ಸಣ್ಣ ತೂತಿಗೆ ಧೂಳು ಕಟ್ಟಿ ಗಾಡಿ ನಿಂತರೆ ಹಳೆಯ ಮೆಕ್ಯಾನಿಕ್ ಪ್ಲಗ್ ಬಿಚ್ಚುವ ಮೊದಲು ‘ಮುಚ್ಚಳ ಸಡಿಲ ಮಾಡಿ ಒಂದು ಸಲ ಒದೀರಿ’ ಅನ್ನುತ್ತಿದ್ದ. ಎರಡು ಟ್ಯಾಂಕಿನ ಬೈಕಿಗೂ ಮೊದಲ ಪರೀಕ್ಷೆ ಅದೇ. ಇಂಜಿನ್ ಆರಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಎಕ್ಸ್‌ಟ್ರಾ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡಬೇಕು. ಗಾಳಿ ಒಳಗೆ ಎಳೆದುಕೊಂಡ ‘ಸುಯ್’ ಸದ್ದು ಕೇಳಿ, ಆಮೇಲೆ ಹರಿವು ಶುರುವಾದರೆ ಗಾಳಿ ಪೈಪ್ ಮುಚ್ಚಿದೆ. ಅಲ್ಲಿಗೆ ಹುಡುಕಾಟದ ಅರ್ಧ ಮುಗಿಯಿತು.

ಸದ್ದು ಬರಲಿಲ್ಲ, ಹರಿವೂ ಶುರುವಾಗಲಿಲ್ಲ ಅಂದರೆ ಎರಡನೇ ಪರೀಕ್ಷೆ. ಕಾಕ್ ಮುಚ್ಚಿ, ಪೈಪಿನ ತುದಿಯನ್ನು ಮೇನ್ ಟ್ಯಾಂಕಿನ ಬದಿಯಲ್ಲಿ ಬಿಚ್ಚಿ, ಆ ತುದಿಯನ್ನು ಅದು ಮೊದಲಿದ್ದ ಎತ್ತರದಲ್ಲೇ ಹಿಡಿದು, ಅಳತೆಯ ಕ್ಯಾನಿಗೆ ಒಂದು ನಿಮಿಷ ಬಿಡಬೇಕು. ಲೀಟರಿನ ಹತ್ತಿರ ಬಿದ್ದರೆ ಎಕ್ಸ್‌ಟ್ರಾ ಟ್ಯಾಂಕ್, ಕಾಕ್, ಫಿಲ್ಟರ್, ಪೈಪ್ ನಾಲ್ಕೂ ನಿರ್ದೋಷಿಗಳು. ದೋಷ ಮೇನ್ ಟ್ಯಾಂಕಿನ ಗಾಳಿಯಲ್ಲಿದೆ. ಬಿದ್ದದ್ದು ಲೋಟದಷ್ಟೇ ಆದರೆ ಹಿಂದಕ್ಕೆ ಒಂದೊಂದೇ ಜೋಡಣೆ ಬಿಚ್ಚುತ್ತ ಹೋಗಬೇಕು. ಥಟ್ಟನೆ ಬಿಚ್ಚಿ ಹಾಕುವ ಕಪ್ಲಿಂಗುಗಳನ್ನು ಮೊದಲು ನೋಡಿ. ಅವುಗಳೊಳಗೆ ಸ್ಪ್ರಿಂಗ್ ವಾಲ್ವ್ ಇರುತ್ತದೆ. ‘ಟಕ್’ ಎನ್ನುವವರೆಗೆ ಒತ್ತದಿದ್ದರೆ ಹೊರಗೆ ಸೇರಿದಂತೆ ಕಂಡರೂ ಒಳಗೆ ಮುಚ್ಚಿಯೇ ಇರುತ್ತವೆ.

ಗಾಳಿ ಪೈಪ್ ಮುಚ್ಚುವುದಕ್ಕೆ ಧೂಳೇ ಬೇಕೆಂದಿಲ್ಲ. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಮಜ್ದಾ6 ಕಾರುಗಳನ್ನು ಸಾವಿರಾರು ಸಂಖ್ಯೆಯಲ್ಲಿ ವಾಪಸ್ ಕರೆಸಿತು. ಕಾರಣ ಜೇಡ. ಹಳದಿ ಬಣ್ಣದ ಒಂದು ಜಾತಿಯ ಜೇಡ ಪೆಟ್ರೋಲ್ ಟ್ಯಾಂಕಿನ ಗಾಳಿ ಪೈಪಿನೊಳಗೆ ಬಲೆ ಕಟ್ಟಿಕೊಳ್ಳುತ್ತಿತ್ತು. ಆವಿಯ ವಾಸನೆಯೇ ಅದನ್ನು ಸೆಳೆಯುತ್ತದೆ ಎನ್ನಲಾಯಿತು. ಬಲೆ ಗಾಳಿಯನ್ನು ತಡೆದು, ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ, ಟ್ಯಾಂಕ್ ಬಿರುಕು ಬಿಡುವ ಅಪಾಯವಿತ್ತು. 2014ರಲ್ಲಿ ಅದೇ ಕಾರಣಕ್ಕೆ ಮತ್ತೊಮ್ಮೆ ಕಾರುಗಳು ವಾಪಸ್ ಬಂದವು. ನಮ್ಮ ಕಡೆ ಈ ಕೆಲಸವನ್ನು ಕಣಜ ಮಾಡುತ್ತದೆ. ಮಳೆಗಾಲದಲ್ಲಿ ನಿಲ್ಲಿಸಿಟ್ಟ ಗಾಡಿಯ ಸಣ್ಣ ಪೈಪಿನ ಬಾಯಿ ಅದರ ಮಣ್ಣಿನ ಗೂಡಿಗೆ ಹೇಳಿ ಮಾಡಿಸಿದ ಜಾಗ. ಹಾಗಾಗಿ ಎಕ್ಸ್‌ಟ್ರಾ ಟ್ಯಾಂಕ್ ವರ್ಷದಲ್ಲಿ ಒಂದೆರಡು ಸಲ ಮಾತ್ರ ಬಳಸುವವರು ಹೊರಡುವ ಮುಂಚೆ ಗಾಳಿ ಪೈಪ್ ಬಿಚ್ಚಿ ಸೈಕಲ್ ಪಂಪಿನಿಂದ ಊದಿ ನೋಡಬೇಕು. ಬಾಯಿ ಹಚ್ಚಿ ಊದುವುದು ಬೇಡ. ಆ ಆವಿಯಲ್ಲಿ ಬೆಂಜೀನ್ ಇರುತ್ತದೆ.

ಇನ್ನೊಂದು ಸೂಕ್ಷ್ಮ ದೋಷ ಇದೆ. ನಿಲ್ಲಿಸಿದಾಗ ಎಲ್ಲ ಸರಿ, ಓಡುವಾಗ ಮಾತ್ರ ಹರಿವು ಕುಂಟುತ್ತದೆ. ಗಾಳಿ ಪೈಪಿನ ತುದಿ ಎಲ್ಲಿ ಕೊನೆಯಾಗಿದೆ ಎಂದು ನೋಡಿ. ವೇಗದಲ್ಲಿ ಬೈಕಿನ ಹಿಂಬದಿಯಲ್ಲಿ ಗಾಳಿ ಸುಳಿಯಾಗುತ್ತದೆ, ಅಲ್ಲಿ ಒತ್ತಡ ಕಡಿಮೆ. 110 ಕಿ.ಮೀ. ವೇಗದ ಗಾಳಿಯ ಪೂರ್ತಿ ಒತ್ತಡ 7 ಸೆಂ.ಮೀ. ಪೆಟ್ರೋಲಿನ ಎತ್ತರಕ್ಕೆ ಸಮ. ಸುಳಿಯ ಸೆಳೆತ ಅದರ ಒಂದು ಪಾಲು. ಟ್ಯಾಂಕ್ ತುಂಬಿದ್ದಾಗ ಇದು ಗಮನಕ್ಕೇ ಬರುವುದಿಲ್ಲ. ಕೊನೆಯ ನಾಲ್ಕು ಲೀಟರ್ ಉಳಿದಾಗ, ಅದೂ ಘಟ್ಟ ಹತ್ತುವಾಗ, ಗೊತ್ತಾಗುತ್ತದೆ. ಎಕ್ಸ್‌ಟ್ರಾ ಟ್ಯಾಂಕ್ ಮೇನ್ ಟ್ಯಾಂಕಿಗಿಂತ 80 ಸೆಂ.ಮೀ. ಹಿಂದಿದ್ದು ರಸ್ತೆ ನೂರಕ್ಕೆ ಹತ್ತರಂತೆ ಏರುತ್ತಿದ್ದರೆ ಅಲ್ಲೇ 8 ಸೆಂ.ಮೀ. ಎತ್ತರ ಕಳೆದುಹೋಯಿತು. ಡಿಕ್ಕಿಯ ಹಿಂದೆ, ಇನ್ನೂ ತಗ್ಗಿನಲ್ಲಿ ಟ್ಯಾಂಕ್ ಕಟ್ಟಿಸಿದವರಿಗೆ ‘ಕೊನೆಯ ಮೂರು ಲೀಟರ್ ಬರುವುದೇ ಇಲ್ಲ’ ಎಂಬ ಕಾಟ ಇದರಿಂದಲೇ. ಅದಕ್ಕೆ ರಿಪೇರಿ ಇಲ್ಲ. ಟ್ಯಾಂಕನ್ನು ಮೇಲಕ್ಕೆ ಕಟ್ಟಬೇಕು, ಇಲ್ಲವೇ ಪಂಪ್ ಹಾಕಬೇಕು.

ಉಕ್ಕುವ ಟ್ಯಾಂಕಿನ ಕಥೆ ಇದರ ಮಗ್ಗುಲು ಬದಲಿಸಿದ ರೂಪ. ಎತ್ತರದಲ್ಲಿರುವ ಟ್ಯಾಂಕ್ ತಗ್ಗಿನಲ್ಲಿರುವ ಟ್ಯಾಂಕಿಗೆ ಸದಾ ಸುರಿಯಲು ಕಾದಿರುತ್ತದೆ. ಮೇನ್ ಟ್ಯಾಂಕಿನ ಗಾಳಿ ಹೊರಹೋಗಲು ದಾರಿ ತೆರೆದಿದ್ದರೆ, ಕಾಕ್ ತೆರೆದಿಟ್ಟಷ್ಟು ಹೊತ್ತೂ ಪೆಟ್ರೋಲ್ ಇಳಿದು, ತುಂಬಿ, ಅದೇ ದಾರಿಯಲ್ಲಿ ಹೊರಗೆ ಹೊರಡುತ್ತದೆ. ಇದನ್ನು ನಿಭಾಯಿಸಲು ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಸವಾರ ಮೇನ್ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಕಾಕ್ ತೆರೆದು, ಗೇಜ್ ಏರಿದ ಕೂಡಲೇ ಮುಚ್ಚುತ್ತಾನೆ. ಸರಳ, ಮರೆತರೆ ಅಪಾಯ. ಎರಡನೆಯದರಲ್ಲಿ ಮೇನ್ ಟ್ಯಾಂಕಿನ ಗಾಳಿ ಹೊರಹೋಗದಂತೆ ಒಮ್ಮುಖದ ವಾಲ್ವ್ ಹಾಕುತ್ತಾರೆ, ಹೊರಗಿನ ಗಾಳಿ ಇಡೀ ಜೋಡಣೆಗೆ ಬರುವುದು ಎಕ್ಸ್‌ಟ್ರಾ ಟ್ಯಾಂಕಿನ ಮೂಲಕ. ಇಂಜಿನ್ ಎಷ್ಟು ಕುಡಿಯಿತೋ ಅಷ್ಟೇ ಮೇಲಿನಿಂದ ಇಳಿಯುತ್ತದೆ, ಹೆಚ್ಚಿಲ್ಲ. ದೂರಪಯಣಿಗರಿಗೆ ಎರಡನೆಯದೇ ಮೆಚ್ಚು, ನನ್ನ ಮತವೂ ಅದಕ್ಕೇ. ಆದರೆ ಅದು ನಿಂತಿರುವುದು ಆ ಒಂದು ವಾಲ್ವಿನ ಮೇಲೆ. ತಿರುಗಾಮುರುಗಾ ಹಾಕಿದರೆ ಗಾಳಿ ಒಳಗೆ ಬರುವುದಿಲ್ಲ, ಹೊರಗೆ ಮಾತ್ರ ಹೋಗುತ್ತದೆ, ಅಂದರೆ ಉಕ್ಕುವುದಕ್ಕೆ ಬಾಗಿಲು ತೆರೆದಿಟ್ಟಂತೆ. ವಾಲ್ವಿನ ಮೈಮೇಲಿನ ಬಾಣದ ಗುರುತನ್ನು ನಂಬದೆ, ಜೋಡಿಸುವ ಮೊದಲೇ ಎರಡೂ ಕಡೆಯಿಂದ ಗಾಳಿ ಹಾಯಿಸಿ ನೋಡುವುದು ಒಳಿತು.

ಇಂಥ ಜೋಡಣೆಯಲ್ಲಿ ಗೇಜ್ ಓದುವ ಕ್ರಮವೇ ಬೇರೆ. ಎಕ್ಸ್‌ಟ್ರಾ ಟ್ಯಾಂಕ್ ಮುಗಿಯುವವರೆಗೆ ಮೇನ್ ಟ್ಯಾಂಕಿನ ಮುಳ್ಳು ತುಂಬಿದಲ್ಲೇ ನಿಂತಿರಬೇಕು. ಇದನ್ನು ಗೇಜ್ ಕೆಟ್ಟಿದೆ ಎಂದು ತಿಳಿಯುವವರಿದ್ದಾರೆ. ನಿಜವಾದ ಕೆಟ್ಟ ಸುದ್ದಿ ಇದರ ವಿರುದ್ಧ: ಕಾಕ್ ತೆರೆದಿದೆ, ಹಿಂದೆ ಪೆಟ್ರೋಲ್ ಇದೆ, ಆದರೂ ಮುಳ್ಳು ಇಳಿಯುತ್ತಿದೆ. ಹಾಗಾದ ಕೂಡಲೇ ಮುಂದಿನ ಬಂಕ್ ಎಷ್ಟು ದೂರ ಎಂಬುದನ್ನು ಮೇನ್ ಟ್ಯಾಂಕಿನ ಲೆಕ್ಕದಲ್ಲೇ ನೋಡಿಕೊಳ್ಳಬೇಕು, ಹಿಂದಿರುವ ಲೀಟರುಗಳನ್ನು ಇಲ್ಲವೆಂದೇ ಎಣಿಸಬೇಕು.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ನೆಲದಡಿಯ ತಂಪು ಟ್ಯಾಂಕಿನಿಂದ ತುಂಬಿಸಿದ 25 ಲೀಟರ್, ಹೋಟೆಲ್ ಮುಂದಿನ ಬಿಸಿಲಿನಲ್ಲಿ 20 ಡಿಗ್ರಿ ಕಾಯ್ದರೆ ಅರ್ಧ ಲೀಟರ್ ಹೆಚ್ಚಾಗುತ್ತದೆ. ಆ ಅರ್ಧ ಲೀಟರಿಗೆ ಜಾಗ ಇರಬೇಕು. ಎರಡೂ ಟ್ಯಾಂಕ್ ಕಂಠಮಟ್ಟ ತುಂಬಿಸಿ ಊಟಕ್ಕೆ ಹೋಗುವುದು ಅಪಾಯ. ತುಂಬಿಸಿದ ಮೇಲೆ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಆಮೇಲೆ ನಿಲ್ಲಿಸಿದರೆ ಈ ತೊಂದರೆ ಇಲ್ಲ.

ಉಕ್ಕಿದ ಪೆಟ್ರೋಲ್ ನೆಲಕ್ಕೇ ಬಿದ್ದರೆ ಕಣ್ಣಿಗಾದರೂ ಕಾಣುತ್ತದೆ. ಹೆಚ್ಚು ಗೊಂದಲ ಮಾಡುವುದು ಕಾಣದಂತೆ ಉಕ್ಕಿದಾಗ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮಾರುವ ಬೈಕುಗಳಲ್ಲಿ, ನಮ್ಮಲ್ಲಿ ಬಿಎಸ್-6 ಬೈಕುಗಳಲ್ಲಿ, ಟ್ಯಾಂಕಿನ ಗಾಳಿ ಪೈಪ್ ನೇರ ಹೊರಗೆ ಬಿಡದೆ ಇದ್ದಿಲು ತುಂಬಿದ ಕ್ಯಾನಿಸ್ಟರಿಗೆ ಹೋಗುತ್ತದೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಂಡು ಇಂಜಿನ್ ಓಡುವಾಗ ಅದಕ್ಕೆ ಉಣಿಸುತ್ತದೆ. ಕ್ಯಾನಿಸ್ಟರ್ ಆವಿಗಾಗಿ ಮಾಡಿದ್ದು, ದ್ರವಕ್ಕಲ್ಲ. ಎಕ್ಸ್‌ಟ್ರಾ ಟ್ಯಾಂಕಿನ ಒತ್ತಡಕ್ಕೆ ಪೆಟ್ರೋಲೇ ಅದರೊಳಗೆ ನುಗ್ಗಿದರೆ ಇಂಜಿನ್ ಹಸಿ ಪೆಟ್ರೋಲ್ ಸೇದುತ್ತದೆ. ಐಡ್ಲಿಂಗ್ ತಾಳ ತಪ್ಪುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲ್ ಹಾಕಿಸಿದ ನಂತರ ಸ್ಟಾರ್ಟ್ ಆಗಲು ಒದ್ದಾಟ. ಲಕ್ಷಣಗಳೆಲ್ಲ ಇಂಜೆಕ್ಟರ್ ಕೆಟ್ಟಂತೆಯೇ ಇರುವುದರಿಂದ ಇಂಜೆಕ್ಟರ್ ಕ್ಲೀನಿಂಗಿಗೆ ಹಣ ಹೋಗುತ್ತದೆ. ಕ್ಯಾನಿಸ್ಟರನ್ನು ಕೈಯಲ್ಲಿ ಎತ್ತಿ ನೋಡಿ. ಭಾರವಾಗಿದ್ದು, ಅಲುಗಿಸಿದರೆ ಒಳಗೆ ದ್ರವ ತುಳುಕಿದರೆ ಕಾರಣ ಸಿಕ್ಕಿತು. ನೆನೆದ ಕ್ಯಾನಿಸ್ಟರನ್ನು ಒಣಗಿಸಿ ಮತ್ತೆ ಹಾಕಬಾರದು. ಒಳಗಿನ ಇದ್ದಿಲ ಕಾಳು ಪುಡಿಯಾಗಿದ್ದರೆ ಮುಂದಿನ ವಾಲ್ವನ್ನೂ ಕಟ್ಟಿಬಿಡುತ್ತದೆ.

ನೂರು ಕಿ.ಮೀ. ಓಡಿ ಮುಗ್ಗರಿಸುವ, ತಣ್ಣಗಾದರೆ ಸರಿಹೋಗುವ ಬೈಕಿನ ದೋಷ ಬಹಳ ಸಲ ಪೈಪ್ ಹಾಯುವ ದಾರಿಯಲ್ಲಿರುತ್ತದೆ. ಎಕ್ಸ್‌ಟ್ರಾ ಟ್ಯಾಂಕಿನಿಂದ ಮೇನ್ ಟ್ಯಾಂಕಿಗೆ ಪೈಪ್ ಒಂದೇ ಸಮನೆ ಇಳಿಯುತ್ತ ಬರಬೇಕು. ಸೀಟಿನ ಕೊಂಡಿ ತಪ್ಪಿಸಲೆಂದು ಒಂದು ಕಡೆ ತಗ್ಗಿಸಿ, ಫ್ರೇಮ್ ದಾಟಿಸಲೆಂದು ಮತ್ತೆ ಏರಿಸಿದರೆ ಆ ಏರಿನ ನೆತ್ತಿಯಲ್ಲಿ ಆವಿಯ ಗುಳ್ಳೆ ಕೂರುತ್ತದೆ. 30 ಸೆಂ.ಮೀ. ಎತ್ತರದ ದುರ್ಬಲ ಬಲಕ್ಕೆ ಆ ಗುಳ್ಳೆಯನ್ನು ತಳ್ಳಲಾಗುವುದಿಲ್ಲ. ಪೈಪ್ ಇಂಜಿನ್ ಅಥವಾ ಸೈಲೆನ್ಸರ್ ಬಿಸಿಗೆ ಹತ್ತಿರವಿದ್ದರೆ ಗುಳ್ಳೆ ಬೇಗ ಹುಟ್ಟುತ್ತದೆ, ತಂಪಾದಾಗ ಕರಗುತ್ತದೆ. ಸೀಟ್ ತೆಗೆದು ನೋಡಿದಾಗ ಪೈಪ್ ಸರಿಯಾಗಿಯೇ ಕಾಣುವುದೂ ಉಂಟು, ಏಕೆಂದರೆ ಸೀಟ್ ಹಾಕಿ ಸವಾರ ಕುಳಿತಾಗಲೇ ಅದು ಮಡಚುವುದು. ಪೈಪಿನ ಮೇಲೆ ಒತ್ತಿದ ಗುರುತು, ಹೊಳಪು ಕಳೆದ ಗೆರೆ ಇದೆಯೇ ಎಂದು ಬೆರಳಾಡಿಸಿ ನೋಡಬೇಕು.

ಆವಿಯ ಮಾತು ಬಂದಾಗ ಲಡಾಖ್ ನೆನಪಾಗದೆ ಇರದು, ಅದರಲ್ಲೂ ಪ್ರತಿ ಬೇಸಿಗೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಅಷ್ಟು ಬೈಕುಗಳು ಅಲ್ಲಿಗೆ ಹೊರಡುವಾಗ. ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕ ಬಹಳ ವರ್ಷ ಸವಾರರ ಫೋಟೊಗಳಲ್ಲಿ ಕಾಣಿಸಿಕೊಂಡಿದೆ. ತಾಂಡಿ ಇರುವುದು 2,500 ಮೀಟರ್ ಆಸುಪಾಸಿನಲ್ಲಿ. ಮುಂದೆ ದಾಟಬೇಕಾದ ತಂಗ್‌ಲಂಗ್ ಲಾ 5,300 ಮೀಟರ್ ಮೀರಿದ್ದು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೆಂಗಳೂರಿನಲ್ಲಿ ಎಂಥ ಬಿಸಿಲಿಗೂ ಕುದಿಯದೆ ಇದ್ದ ಪೆಟ್ರೋಲ್, ಆ ಎತ್ತರದಲ್ಲಿ ಇಂಜಿನ್ ಪಕ್ಕದ ಪೈಪಿನಲ್ಲಿ 35 ಡಿಗ್ರಿ ಮುಟ್ಟಿದರೆ ಸಾಕು, ಗುಳ್ಳೆ ಎಬ್ಬಿಸಲು ಶುರುಮಾಡುತ್ತದೆ. ಹೊರಗೆ ಚಳಿ ಇದೆಯಲ್ಲ ಎಂಬ ಧೈರ್ಯ ಸಾಲದು. ಇಂಜಿನ್ ಬಿಸಿ ಬಿಸಿಯೇ.

ಮುಚ್ಚಿದ ಕ್ಯಾನಿಗೂ ಅಲ್ಲಿ ಪರೀಕ್ಷೆ. ತಾಂಡಿಯಲ್ಲಿ ಬಿಗಿಯಾಗಿ ಮುಚ್ಚಿದ ಕ್ಯಾನಿನೊಳಗೆ ಅಲ್ಲಿನ ಗಾಳಿಯೇ ಇರುತ್ತದೆ. ಉಷ್ಣಾಂಶ ಬದಲಾಗದಿದ್ದರೆ ತಂಗ್‌ಲಂಗ್ ಲಾದ ಮೇಲೆ ಒಳಗಿನ ಒತ್ತಡ ಹೊರಗಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಗ್ರಾಂ ಹೆಚ್ಚು. ಕೇಳಲು ಸಣ್ಣದು. ಆದರೆ 20 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಒಂದು ಮಗ್ಗುಲಿಗೆ ಅದು 120 ಕೆ.ಜಿ. ಭಾರ ಒತ್ತಿದಂತೆ. ಕ್ಯಾನ್ ಉಬ್ಬುವುದು ಇದರಿಂದ, ಹಳೆಯ ಬೆಸುಗೆ ಬಿಡುವುದೂ ಇದರಿಂದ. ಉಬ್ಬಿದ ಕ್ಯಾನಿನ ಮುಚ್ಚಳವನ್ನು ಇಂಜಿನ್‌ನಿಂದ ದೂರ ಒಯ್ದು, ಮೇಲೆ ಬಟ್ಟೆ ಹಾಕಿ, ಕಾಲು ಸುತ್ತು ತಿರುಗಿಸಿ, ಆವಿ ಪೂರ್ತಿ ಹೋದ ಮೇಲೆ ತೆಗೆಯಬೇಕು.

ಲಡಾಖಿಗೆ ಒಂದು ಸಲ ಹೋಗಿಬರುವವರು ಪೈಪ್ ಜೋಡಿಸಿದ ಟ್ಯಾಂಕ್ ಕಟ್ಟಿಸುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಲೇಹ್‌ಗೆ 35 ಕಿ.ಮೀ. ಮೊದಲೇ ಕಾರುವಿನಲ್ಲಿ ಬಂಕ್ ಇದೆ. 15 ಲೀಟರ್ ಹಿಡಿಸುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಲೀಟರಿಗೆ 30 ಕಿ.ಮೀ. ಕೊಟ್ಟರೆ 450 ಕಿ.ಮೀ. ದಾಟುತ್ತದೆ, ಕಣಿವೆಗಳಲ್ಲಿ ಮೈಲೇಜ್ ಬಿದ್ದರೂ 5 ಲೀಟರಿನ ಒಂದು ಲೋಹದ ಕ್ಯಾನ್ ಆ ಕೊರತೆ ತುಂಬುತ್ತದೆ. ಪೈಪಿಲ್ಲದ ಕ್ಯಾನಿಗೆ ಪೈಪಿನ ರೋಗಗಳೂ ಇಲ್ಲ. ತುಂಬಿಸುವಾಗ ಮಾತ್ರ ಅದನ್ನು ಬೈಕಿನಿಂದ ಇಳಿಸಿ ನೆಲಕ್ಕಿಡಬೇಕು. ಪ್ಲಾಸ್ಟಿಕ್ ಕ್ಯಾರಿಯರ್ ಮೇಲೆ ಇಟ್ಟೇ ತುಂಬಿಸಿದರೆ ಸ್ಥಿರವಿದ್ಯುತ್ತು ನೆಲ ಸೇರಲು ದಾರಿ ಸಿಗದೆ ಕಿಡಿ ಹಾರಬಹುದು.

ರ‍್ಯಾಲಿ ಬೈಕುಗಳ ಮಾತು ಬೇರೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಓಡಿಸಿದಂಥ ಬೈಕುಗಳಲ್ಲಿ 30 ಲೀಟರಿಗೂ ಹೆಚ್ಚು ಪೆಟ್ರೋಲ್ ಮುಂದಿನ ಮತ್ತು ಹಿಂದಿನ ಟ್ಯಾಂಕುಗಳಲ್ಲಿ ಹಂಚಿರುತ್ತದೆ. ಆದರೆ ಅಲ್ಲಿ ಟ್ಯಾಂಕು, ಗಾಳಿ ಪೈಪು, ಕಾಕ್ ಎಲ್ಲ ಬೈಕಿನ ಜೊತೆಗೇ ಹುಟ್ಟಿದವು. ಆಮೇಲೆ ಸೇರಿಸಿದ ಟ್ಯಾಂಕಿನ ಕಷ್ಟವೆಂದರೆ, ಒಂದೇ ಟ್ಯಾಂಕಿಗೆಂದು ಯೋಚಿಸಿದ ಗಾಳಿಯ ಏರ್ಪಾಟಿನೊಳಗೆ ಇನ್ನೊಂದನ್ನು ತೂರಿಸಬೇಕು.

ಸಾಮಾನುಗಳ ವಿಷಯದಲ್ಲಿ ಕೆಲವು ಮಾತು ಸಾಕು. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪಿನ ಮೇಲೆ ಎಸ್‌ಎಇ 30ಆರ್7 ಅಥವಾ 30ಆರ್9 ಎಂದು ಅಚ್ಚಾಗಿರುತ್ತದೆ. ಟ್ಯಾಂಕಿನೊಳಗೆ ಮುಳುಗಿರುವ ಪೈಪಾದರೆ 30ಆರ್10 ಬೇಕು, ಬೇರೆಯದು ಹೊರಮೈಯಿಂದಲೇ ಊದಿಕೊಳ್ಳುತ್ತದೆ. ಹರಿವು ಕಾಣಲೆಂದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಪರೀಕ್ಷೆಗೆ ಒಳ್ಳೆಯದು, ಪ್ರಯಾಣಕ್ಕಲ್ಲ. ಬೇಗನೆ ಹಳದಿಯಾಗಿ ಗಟ್ಟಿಯಾಗಿ ಬಿರಿಯುತ್ತದೆ. ಟ್ಯಾಂಕ್ ಹೊಸದಾಗಿ ಕೊರೆದದ್ದಾದರೆ ಲೋಹದ ಪುಡಿ ಒಳಗೆ ಉಳಿದಿರುತ್ತದೆ, ಎರಡು ಮೂರು ಸಲ ತೊಳೆಯಬೇಕು. ಫಿಲ್ಟರ್ ಜಾಲರಿಯದ್ದಿರಲಿ. ಇಂಜೆಕ್ಷನ್ ಬೈಕಿನ ಒತ್ತಡಕ್ಕೆಂದು ಮಾಡಿದ ನುಣುಪು ಕಾಗದದ ಫಿಲ್ಟರನ್ನು ತನ್ನ ಭಾರಕ್ಕೇ ಇಳಿಯುವ ಪೆಟ್ರೋಲ್ ದಾಟಲು ಹೆಣಗುತ್ತದೆ. ಸಾಮಾನ್ಯ ಸಿಲಿಕಾನ್ ಅಂಟು ಪೆಟ್ರೋಲಿಗೆ ಮೆತ್ತಗಾಗಿ ಕಿತ್ತುಬರುತ್ತದೆ. ತುಳುಕುವಿಕೆ ತಡೆಯಲು ಟ್ಯಾಂಕಿನೊಳಗೆ ತುಂಬುವ ಸ್ಪಾಂಜ್ ಕೆಲವು ವರ್ಷಗಳಲ್ಲಿ, ಎಥನಾಲ್ ಬೆರೆತ ಪೆಟ್ರೋಲಿನಲ್ಲಂತೂ ಇನ್ನೂ ಬೇಗ, ಪುಡಿಯಾಗತೊಡಗುತ್ತದೆ. ಫಿಲ್ಟರಿನಲ್ಲಿ ಕಪ್ಪು ಅಥವಾ ಹಳದಿ ತುಣುಕು ಕಂಡರೆ ಮೊದಲು ಸ್ಪಾಂಜನ್ನು ಅನುಮಾನಿಸಿ.

ಪಂಪ್ ಹಾಕಿಸಿದವರು ಒಂದು ಅಂಕಿ ನೆನಪಿಡಲಿ. ಈ ಕೆಲಸಕ್ಕೆ ಬಳಸುವ ಸಣ್ಣ ಎಲೆಕ್ಟ್ರಿಕ್ ಪಂಪುಗಳು ಗಂಟೆಗೆ 100 ಲೀಟರ್ ಆಸುಪಾಸು ಹಾಯಿಸುತ್ತವೆ. 10 ಲೀಟರಿಗೆ ಆರೇ ನಿಮಿಷ. ಸ್ವಿಚ್ ಹಾಕಿ ಮರೆತರೆ ಉಕ್ಕುವುದು ಖಚಿತ, ಆದ್ದರಿಂದ ತಾನಾಗಿ ಆರುವ ಟೈಮರ್ ಇರಲಿ. ಪಂಪ್ ತಳ್ಳುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ಅಲ್ಲ. ಅದನ್ನು ಎಕ್ಸ್‌ಟ್ರಾ ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂರಿಸಬೇಕು. ಇನ್ನು, ಇಂಜೆಕ್ಷನ್ ಬೈಕಿನಲ್ಲಿ ಎಕ್ಸ್‌ಟ್ರಾ ಟ್ಯಾಂಕಿನ ಪೈಪನ್ನು ಇಂಜಿನ್‌ಗೆ ಹೋಗುವ ಪೈಪಿಗೆ ‘ಟಿ’ ಹಾಕಿ ಸೇರಿಸುವುದನ್ನು ಯಾರಾದರೂ ಸೂಚಿಸಿದರೆ ಅಲ್ಲಿಂದ ಗಾಡಿ ಹೊರಡಿಸಿಕೊಂಡು ಬನ್ನಿ. ಕಾರ್ಬುರೇಟರ್ ಕಾಲದಲ್ಲಿ ಅದು ನಡೆಯುತ್ತಿತ್ತು. ಇಂಜೆಕ್ಷನ್ ಪೈಪಿನಲ್ಲಿ ವಾತಾವರಣದ ಮೂರು ಪಟ್ಟು ಒತ್ತಡ ಇರುತ್ತದೆ; ಪೆಟ್ರೋಲ್ ಹಿಂದಕ್ಕೆ, ಎಕ್ಸ್‌ಟ್ರಾ ಟ್ಯಾಂಕಿಗೇ ಚಿಮ್ಮುತ್ತದೆ.

ಕಾನೂನಿನ ಪ್ರಶ್ನೆಯೂ ಇದೆ. ನಮ್ಮ ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕಾಯಂ ಟ್ಯಾಂಕ್ ಕಟ್ಟಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರಹದಲ್ಲಿ ಕೇಳಿಕೊಳ್ಳಬೇಕು. ಬೆಂಕಿಯ ಸಾಧ್ಯತೆ ಇರುವ ಮಾರ್ಪಾಡಿನಲ್ಲಿ ವಿಮೆ ತಿರಸ್ಕಾರವಾದರೆ ಆ ನಷ್ಟ ಟ್ಯಾಂಕಿನ ಬೆಲೆಗೆ ನಿಲ್ಲುವುದಿಲ್ಲ.

ದಾರಿಯಲ್ಲಿ ದೋಷ ಸಿಗದಿದ್ದರೆ, ಅಥವಾ ಓಡುತ್ತಿರುವಾಗ ಪೆಟ್ರೋಲ್ ವಾಸನೆ ಬಂದರೆ, ಅಲ್ಲೇ ಬಿಚ್ಚಿ ಕೂರಬಾರದು. ವಾಸನೆ ಬಂದ ಕೂಡಲೇ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಎಕ್ಸ್‌ಟ್ರಾ ಟ್ಯಾಂಕಿನ ಕಾಕ್ ಮುಚ್ಚಿ, ಬೈಕಿನಿಂದ ದೂರ ಹೋಗಿ ಬಿಸಿ ಇಳಿಯುವವರೆಗೆ ಕಾಯಬೇಕು. ಅದಕ್ಕಾಗಿಯೇ ಕಾಕ್ ಸೀಟ್ ತೆಗೆಯದೆ ಕೈಗೆಟಕುವಂತಿರಬೇಕು, ಟ್ಯಾಂಕಿನ ಬುಡದಲ್ಲೇ ಇರಬೇಕು, ಪೈಪಿನ ನಡುವೆ ಅಲ್ಲ. ಸೋರುತ್ತಿರುವುದು ಟ್ಯಾಂಕಿನ ಬೆಸುಗೆಯಾದರೆ ನಮ್ಮ ಮೆಕ್ಯಾನಿಕ್‌ಗಳು ತಲೆಮಾರುಗಳಿಂದ ಮಾಡಿದಂತೆ ಬಟ್ಟೆ ಸೋಪನ್ನು ಒತ್ತಿ ತಿಕ್ಕಬಹುದು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಮುಂದಿನ ಊರಿನವರೆಗೆ ತಡೆಯುತ್ತದೆ. ಆಮೇಲೆ ಮೇನ್ ಟ್ಯಾಂಕಿನ ಗಾಳಿ ಪೈಪಿಗೆ ಹಾಕಿದ ಒಮ್ಮುಖದ ವಾಲ್ವನ್ನು ಕಳಚಿ ಮೊದಲಿದ್ದಂತೆ ಜೋಡಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಮೇಲಿನ ಕಾಕ್ ಮುಚ್ಚಿ, ಆ ವಾಲ್ವೂ ಸರಿಯಾಗಿ ತೆರೆಯದಿದ್ದರೆ, ಗಾಳಿಗೆ ದಾರಿಯೇ ಇಲ್ಲದೆ ಮೇನ್ ಟ್ಯಾಂಕ್ ಕೂಡ ಸ್ವಲ್ಪ ದೂರದಲ್ಲೇ ಉಸಿರು ಕಟ್ಟಿ ನಿಲ್ಲುತ್ತದೆ.